ಘಟ್ಟ ಇಳಿದ ಮೇಲೆ ರಬ್ಬರ್ ಸುಟ್ಟ ವಾಸನೆ, ಕ್ಲಚ್ ಬದಲಿಸಿದರೂ ಹೋಗಿಲ್ಲ

ಹೇಮಾವತಿ_ದಡ (ಶುಕ್ರವಾರ ರಾತ್ರಿ 9:10)
ಎಲ್ಲರಿಗೂ ನಮಸ್ಕಾರ. ಹಾಸನದಿಂದ ಬರೀತಿದ್ದೀನಿ. ನಮ್ಮದು 2014ರ ಪೆಟ್ರೋಲ್ ಕಾರು, ಚಿಕ್ಕದು, ಐದು ಗೇರು, 82,000 ಕಿ.ಮೀ. ಓಡಿದೆ. ಹೋದ ತಿಂಗಳು ಅಮ್ಮನನ್ನೂ ಮಗನನ್ನೂ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದೆ. ಸಕಲೇಶಪುರ ದಾಟಿ ಶಿರಾಡಿ ಇಳಿದು ಗುಂಡ್ಯ ಹತ್ತಿರ ಬರೋ ಹೊತ್ತಿಗೆ ಕಾರಿನೊಳಗೆಲ್ಲ ರಬ್ಬರ್ ಸುಟ್ಟ ವಾಸನೆ. ಮುಂದಿದ್ದ ಲಾರಿದು ಅಂದುಕೊಂಡೆ. ಲಾರಿ ಹೋಯ್ತು, ವಾಸನೆ ಹೋಗ್ಲಿಲ್ಲ. ಚಾ ಅಂಗಡಿ ಪಕ್ಕ ನಿಲ್ಲಿಸಿ ಇಳಿದು ನೋಡಿದ್ರೆ ಮುಂದಿನ ಎಡಗಡೆ ಘಾಟು ಜಾಸ್ತಿ. ಹೊಗೆ ಕಾಣ್ಲಿಲ್ಲ. ಅರ್ಧ ಗಂಟೆ ಬಿಟ್ಟು ಹೊರಟ್ವಿ, ಆಮೇಲೆ ಏನೂ ಇಲ್ಲ.

ಊರಿಗೆ ಬಂದು ಗ್ಯಾರೇಜಿಗೆ ಕೊಟ್ಟೆ. ನಾನು ಹೇಳೋದು ಮುಗಿಯೋಕೂ ಬಿಡದೆ "ಹಾಫ್ ಕ್ಲಚ್‌ನಲ್ಲಿ ಓಡಿಸ್ತೀರಿ ಮೇಡಂ, ಪ್ಲೇಟ್ ಸುಟ್ಟಿದೆ" ಅಂದ್ರು. 9,500 ರೂಪಾಯಿ ಆಯ್ತು. ಹಳೇ ಪ್ಲೇಟ್ ತೋರಿಸಿ ಅಂದ್ರೆ ಗುಜರಿಗೆ ಹೋಯ್ತಂತೆ. ಮೊನ್ನೆ ಅರಸೀಕೆರೆಗೆ ಹೋಗ್ತಿದ್ದೆ, ಘಟ್ಟ ಇಲ್ಲ, ಏರು ಇಲ್ಲ. 25 ಕಿ.ಮೀ. ಹೋಗೋಷ್ಟರಲ್ಲಿ ಅದೇ ವಾಸನೆ. ಹನ್ನೆರಡು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ, ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸೋ ಅಭ್ಯಾಸ ನನಗಿಲ್ಲ. ಯಾರಿಗಾದ್ರೂ ಹೀಗಾಗಿದ್ರೆ ದಯವಿಟ್ಟು ಹೇಳಿ. ಮುಂದಿನ ವಾರ ಅಮ್ಮನ್ನ ಮೈಸೂರಿಗೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು.

ಟ್ಯಾಕ್ಸಿ_ಅಣ್ಣ (9:24)
ಅಕ್ಕ, ಇಳಿಜಾರಿನಲ್ಲಿ ಕ್ಲಚ್ ಪ್ಲೇಟ್ ಸುಡೋದು ಹೇಗೆ? ಸುಡೋದು ಏರಿನಲ್ಲಿ, ಟ್ರಾಫಿಕ್ಕಿನಲ್ಲಿ, ರಿವರ್ಸ್ ತೆಗೆಯುವಾಗ. ಗೇರಿನಲ್ಲಿ ಇಳೀತಾ ಇದ್ರೆ ಕ್ಲಚ್ ಪಾಡಿಗೆ ಕ್ಲಚ್ ಕೂತಿರುತ್ತೆ. ಇಳಿದ ಮೇಲೆ ವಾಸನೆ ಅಂದ್ರೆ ಮೊದಲು ಬ್ರೇಕ್ ನೋಡ್ಬೇಕು.

ರಿಂಗ್‌ರೋಡ್_ಪ್ರಯಾಣಿಕ (9:31)
ಹಾಗೆ ಹೇಳೋಕಾಗಲ್ಲ ಅಣ್ಣ. ಎಷ್ಟೋ ಜನ ಘಟ್ಟ ಇಳಿಯುವಾಗ ಕ್ಲಚ್ ಒತ್ತಿಕೊಂಡೇ ಇಳೀತಾರೆ. ಅದರಿಂದ್ಲೂ ಪ್ಲೇಟ್ ಸುಡುತ್ತೆ.

ಟ್ಯಾಕ್ಸಿ_ಅಣ್ಣ (9:35)
ಪೂರ್ತಿ ಒತ್ತಿದ್ರೆ ಪ್ಲೇಟ್ ಬಿಟ್ಟುಕೊಂಡಿರುತ್ತೆ, ಉಜ್ಜೋದೇ ಇಲ್ಲ. ಸವೆಯೋದು ಪ್ಲೇಟ್ ಬಿಡಿಸೋ ರಿಲೀಸ್ ಬೇರಿಂಗು. ಅರ್ಧ ಒತ್ತಿದಾಗ ಮಾತ್ರ ಪ್ಲೇಟ್ ಉಜ್ಜುತ್ತೆ. ಕ್ಲಚ್ ಒತ್ತಿಕೊಂಡು ಇಳಿಯೋದು ತಪ್ಪು ಅನ್ನೋದು ನಿಜ, ಆದ್ರೆ ಅದರ ಕಾರಣ ಬೇರೆ. ಇಂಜಿನ್ ಹಿಡಿತ ತಪ್ಪಿ ಭಾರ ಎಲ್ಲಾ ಬ್ರೇಕ್ ಮೇಲೆ ಬೀಳುತ್ತೆ.

ರಿಂಗ್‌ರೋಡ್_ಪ್ರಯಾಣಿಕ (9:38)
ಸರಿ, ಒಪ್ಪಿದೆ.

ಕುಡ್ಲದವ (10:02)
ಮಾರಾಯ್ರೆ, ಮೊದಲು ಗಾಡಿ ಅಡಿಗೆ ಬಗ್ಗಿ ನೋಡಿದ್ರಾ? ನಮ್ಮ ಗಾಡಿಗೆ ಇದೇ ವಾಸನೆ ಬರ್ತಾ ಇತ್ತು. ರಸ್ತೆ ಮೇಲೆ ಬಿದ್ದಿದ್ದ ಪ್ಲಾಸ್ಟಿಕ್ ಕವರು ಹಾರಿ ಹೋಗಿ ಸೈಲೆನ್ಸರ್ ಪೈಪಿಗೆ ಅಂಟಿ ಕರಗಿ ಕೂತಿತ್ತು. ಗಾಡಿ ತಣಿದ ಮೇಲೆ ಕೆರೆದು ತೆಗೆದದ್ದು, ಉಳಿದದ್ದು ನಾಲ್ಕೈದು ದಿನದಲ್ಲಿ ತಾನಾಗಿ ಸುಟ್ಟು ಹೋಯ್ತು. ಒಂದು ರೂಪಾಯಿ ಖರ್ಚಿಲ್ಲ.

ಮಂಡ್ಯ_ರಾಗಿ (10:15)
ಕುಡ್ಲದವರು ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ, ಇದು ಯಾರೂ ಹಗುರವಾಗಿ ತಗೋಬೇಡಿ. ನಮ್ಮ ಕಡೆ ಸುಗ್ಗೀಲಿ ಹುರುಳಿ, ರಾಗಿ ಎಲ್ಲಾ ರಸ್ತೆ ಮೇಲೆ ಹಾಕಿ ಒಕ್ಕಣೆ ಮಾಡ್ತಾರೆ. ಹುರುಳಿ ಬಳ್ಳಿ ಮೇಲೆ ಕಾರು ಓಡಿಸಿದ್ರೆ ಆ ಬಳ್ಳಿ ಆಕ್ಸಲ್ಲಿಗೆ ಹಗ್ಗದ ಥರ ಸುತ್ತಿಕೊಳ್ಳುತ್ತೆ. ಒಂದಿಷ್ಟು ಸೈಲೆನ್ಸರಿಗೆ ತಾಗಿ ಒಳಗೊಳಗೇ ಹೊಗೆಯಾಡುತ್ತೆ. ನಮ್ಮ ಚಿಕ್ಕಪ್ಪನ ಕಾರು ನಾಗಮಂಗಲದ ಹತ್ತಿರ ಹಿಂಗೇ ಹೊತ್ತಿಕೊಂಡಿತ್ತು. ಹಿಂದೆ ಬರ್ತಿದ್ದ ಬೈಕಿನವನು ಕೂಗಿ ನಿಲ್ಸಿದ್ದರಿಂದ ಎಲ್ರೂ ಇಳಿದು ಬದುಕಿದ್ರು. ಮೊದಲು ಬಂದಿದ್ದು ಹುಲ್ಲು ಸುಟ್ಟ ವಾಸನೆ, ಆಮೇಲೆ ರಬ್ಬರ್ ವಾಸನೆ. ರೈತರಿಗೆ ಕಣ ಇಲ್ಲ ಅನ್ನೋದೂ ನಿಜ, ಬೈಯೋಕೆ ನನಗೆ ಬಾಯಿ ಬರಲ್ಲ. ಆದ್ರೆ ಒಕ್ಕಣೆ ಮೇಲೆ ಹೋಗಲೇಬೇಕಾಗಿ ಬಂದ್ರೆ, ದಾಟಿದ ತಕ್ಷಣ ನಿಲ್ಸಿ ಅಡಿಗೆ ಇಣುಕಿ ನೋಡಿ.

ಹೇಮಾವತಿ_ದಡ (10:22)
ಅಡಿಗೆ ನೋಡಿದೆ, ಏನೂ ಅಂಟಿಲ್ಲ. ಒಕ್ಕಣೆ ರಸ್ತೇಲೂ ಹೋಗಿಲ್ಲ.

ಹುಬ್ಳಿ_ಮಂದಿ (10:40)
ನಮ್ಮ ಗಾಡ್ಯಾಗೂ ಹಿಂಗ ಆಗಿತ್ರೀ ಅಕ್ಕಾರ. ನಾ ಒಂದ್ ಸೈಜ್ ದೊಡ್ಡ ಟೈರ್ ಹಾಕಿಸಿದ್ದೆ, ನೋಡಾಕ ಚಂದ ಕಾಣಸ್ತದ ಅಂತ. ನಾಕ್ ಮಂದಿ ಕುಂತು ತಗ್ಗಿನ್ಯಾಗ ಇಳದ್ರ ಟೈರು ಒಳಗಿನ ಪ್ಲಾಸ್ಟಿಕ್ ಲೈನರಿಗೆ ಉಜ್ಜತಿತ್ತು. ಸ್ಟೇರಿಂಗ್ ಪೂರಾ ತಿರುವಿ ಕೈ ಹಾಕಿ ನೋಡ್ರಿ, ಉಜ್ಜಿದ್ದಾಗ ಆ ಜಾಗ ಕನ್ನಡಿ ಹಂಗ ಹೊಳೀತದ. ಮಡ್ ಫ್ಲಾಪ್ ಬಾಗಿ ಟೈರಿಗೆ ಬಡದ್ರೂ ಇದ ವಾಸನಿ.

ಬೆಲ್ಟ್_ಬಸವ (ಶನಿವಾರ ಬೆಳಿಗ್ಗೆ 6:50)
ಒಂದು ಮುಖ್ಯ ಪ್ರಶ್ನೆ ಯಾರೂ ಕೇಳಿಲ್ಲ. ಎ.ಸಿ. ಹಾಕಿದ್ರಾ? ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್ ಓಡಿಸೋ ಬೆಲ್ಟು ಜಾರಿದ್ರೆ ಅಪ್ಪಟ ರಬ್ಬರ್ ವಾಸನೆ. ಕಂಪ್ರೆಸರ್ ಬೇರಿಂಗ್ ಹಿಡ್ಕೊಂಡ್ರೆ ಬೆಲ್ಟು ಅಲ್ಲೇ ಉಜ್ಜಿ ಉಜ್ಜಿ ಹೊಗೆ ಬರುತ್ತೆ. ಬಾನೆಟ್ ಎತ್ತಿ ಪುಲ್ಲಿಗಳ ಸುತ್ತ ಕಪ್ಪು ಪುಡಿ ಬಿದ್ದಿದೆಯಾ ನೋಡಿ. ಹಳೇ ಬೆಲ್ಟುಗಳು ಸವೆದಾಗ ಬಿರುಕು ಬಿಡ್ತಿದ್ವು. ಈಗಿನ ಇ.ಪಿ.ಡಿ.ಎಂ. ರಬ್ಬರಿನ ಬೆಲ್ಟು ಬಿರುಕೇ ಬಿಡದೆ ಟೈರಿನ ಥರ ಸವೆಯುತ್ತೆ, ಅದಕ್ಕೆ "ಬೆಲ್ಟ್ ಚೆನ್ನಾಗಿದೆ, ಬಿರುಕಿಲ್ಲ" ಅನ್ನೋ ಮಾತು ನಂಬಬೇಡಿ. ಗಾಡಿ ಕಿರ್ ಅಂತಿದ್ರೆ ಓಡ್ತಿರೋ ಬೆಲ್ಟಿನ ಗೀರುಗಳ ಮೇಲೆ ಸ್ಪ್ರೇ ಬಾಟ್ಲಿಂದ ಸ್ವಲ್ಪ ನೀರು ಹೊಡೀರಿ, ಕೈ, ಸೆರಗು, ದುಪಟ್ಟಾ ಎಲ್ಲಾ ದೂರ ಇಟ್ಟುಕೊಂಡು. ಸದ್ದು ಜಾಸ್ತಿಯಾದ್ರೆ ಬಿಗಿ ಸಾಲದು. ಸದ್ದು ನಿಂತು ಮತ್ತೆ ಶುರುವಾದ್ರೆ ಪುಲ್ಲಿ ನೇರ ಇಲ್ಲ.

ಹೇಮಾವತಿ_ದಡ (7:15)
ಗುಂಡ್ಯದಲ್ಲಿ ಎ.ಸಿ. ಇತ್ತು. ಅರಸೀಕೆರೆಗೆ ಹೋಗುವಾಗ ಇರ್ಲಿಲ್ಲ, ಕಿಟಕಿ ತೆಗೆದಿದ್ದೆ. ಕಿರ್ ಸದ್ದಿಲ್ಲ. ಕಪ್ಪು ಪುಡಿ ಇಲ್ಲ.

ಬೆಲ್ಟ್_ಬಸವ (7:18)
ಹಾಗಾದ್ರೆ ಬೆಲ್ಟ್ ಅಲ್ಲ ಬಿಡಿ.

ಅಡಿಕೆ_ತೋಟ (7:44)
ಇಲಿ ನೋಡಿ ಇಲಿ. ನಮ್ಮ ತೀರ್ಥಹಳ್ಳಿ ಕಡೆ ಕಾರು ನಾಲ್ಕು ದಿನ ನಿಂತ್ರೆ ಸಾಕು, ತೆಂಗಿನ ನಾರು, ಅಡಿಕೆ ಸಿಪ್ಪೆ, ಬಟ್ಟೆ ಚೂರು ಎಲ್ಲಾ ತಂದು ಇಂಜಿನ್ ಮೇಲೆ ಗೂಡು ಕಟ್ಟುತ್ತೆ. ಆ ನಾರು ಬಿಸಿಗೆ ಕಮರುತ್ತೆ. ವೈರ್ ಕಡಿದಿದ್ರಂತೂ ಇನ್ನೂ ಅಪಾಯ. ನಾನು ನುಸಿಗುಳಿಗೆ ಇಟ್ಟು ನೋಡಿದೆ, ಹೊಗೆಸೊಪ್ಪು ಕಟ್ಟಿ ನೋಡಿದೆ. ಎರಡು ವಾರ ಕೆಲಸ ಮಾಡಿದ ಹಾಗೆ ಅನ್ನಿಸ್ತು, ಆಮೇಲೆ ಅದೇ ಕಥೆ. ಕೊನೆಗೆ ಇಂಜಿನ್ ಅಡಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹಾಕಿಸಿದ ಮೇಲೆ ನಿಂತದ್ದು.

ಕುಡ್ಲದವ (7:52)
ಜಾಲರಿ ಒಳ್ಳೆದು. ಆದ್ರೆ ಅದರಲ್ಲಿ ಒಣ ಎಲೆ ತುಂಬಿಕೊಂಡ್ರೆ ಅದೇ ಬೆಂಕಿಗೆ ದಾರಿ. ಆಗಾಗ ತೆಗೆದು ಕೊಡವಬೇಕು.

ವೈರಿಂಗ್_ಮನೆ (8:20)
ವೈರಿಂದು ಅಂದ್ರಿ, ಹಾಗಾಗಿ ಹೇಳ್ತೀನಿ. ವೈರ್ ಸುಟ್ಟ ವಾಸನೆ ರಬ್ಬರಿಗಿಂತ ಬೇರೆ, ಮೂಗಿಗೆ ಚುಚ್ಚೋ ಪ್ಲಾಸ್ಟಿಕ್ ಘಾಟು, ಬರೋದು ಹೆಚ್ಚಾಗಿ ಡ್ಯಾಶ್‌ಬೋರ್ಡ್ ಒಳಗಿಂದ ಇಲ್ಲಾ ಹೆಡ್‌ಲೈಟ್ ಹತ್ತಿರದಿಂದ. ಕಂಪನಿ ಕೊಟ್ಟ ಬಲ್ಬ್ 60/55 ವಾಟ್, ಅದನ್ನ ತೆಗೆದು 100/90 ಹಾಕಿಸಿ ರಿಲೇ (ಜಾಸ್ತಿ ಕರೆಂಟನ್ನ ಬೇರೆ ವೈರಿನಿಂದ ಬಿಡೋ ಸ್ವಿಚ್ಚು) ಹಾಕಿಸದೇ ಇದ್ರೆ ಹೋಲ್ಡರು ಕರಗುತ್ತೆ. ಫ್ಯೂಸ್ ಹೋಯ್ತು ಅಂತ 10 ಆಂಪಿಯರ್ ಜಾಗದಲ್ಲಿ 20 ಹಾಕೋರಿಗೆ ಕೈ ಮುಗಿದು ಕೇಳ್ಕೋತೀನಿ, ಹಾಗೆ ಮಾಡಬೇಡಿ. ಫ್ಯೂಸ್ ಸಾಯೋದು ವೈರು ಉಳೀಲಿ ಅಂತ.

ದಾವಣಗೆರೆ_ಸ್ಪ್ಯಾನರ್ (11:05)
ನಾನು ಮೆಕ್ಯಾನಿಕ್, ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಎಲ್ಲಾ ಓದಿದೆ. ಮೇಡಂ, ವಾಸನೆ ಯಾವಾಗ ಬರುತ್ತೆ, ಎಲ್ಲಿಂದ ಬರುತ್ತೆ ಅನ್ನೋದನ್ನ ನೀವು ಮೊದಲ ಪೋಸ್ಟಿನಲ್ಲೇ ಹೇಳಿದ್ದೀರಿ. ಆ ಗ್ಯಾರೇಜಿನವರು ಕಿವಿಗೊಟ್ಟಿದ್ರೆ 9,500 ಉಳೀತಿತ್ತು. ಈಗ ಇಷ್ಟಕ್ಕೆ ಉತ್ತರ ಕೊಡಿ.

ಬೆಳಿಗ್ಗೆ ಗಾಡಿ ತೆಗೆದಾಗ ಹಗುರಾಗಿ ಓಡುತ್ತಾ? 20–25 ಕಿ.ಮೀ. ಆದ ಮೇಲೆ ಆಕ್ಸಿಲರೇಟರ್ ಬಿಟ್ರೆ ಮಾಮೂಲಿಗಿಂತ ಬೇಗ ನಿಧಾನ ಆಗುತ್ತಾ? ಸ್ಟೇರಿಂಗ್ ಒಂದು ಕಡೆ ಎಳೆಯುತ್ತಾ? ಮೈಲೇಜು ಬಿದ್ದಿದೆಯಾ? ವಾಸನೆ ಬಂದಾಗ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಕಾವು ದೂರದಿಂದ್ಲೇ ಗೊತ್ತಾಗುತ್ತೆ. ಒಂದೇ ಚಕ್ರ ಬಿಸಿಯೋ, ಎರಡೋ, ಅದು ನನಗೆ ಬೇಕು. ಇನ್ನೊಂದು, ಬಿಸಿಯಾದ ಡಿಸ್ಕಿಗೆ (ಚಕ್ರದ ಜೊತೆ ತಿರುಗೋ ಬ್ರೇಕ್ ತಟ್ಟೆಗೆ) ನೀರು ಸುರೀಬೇಡಿ, ಸೊಟ್ಟಗಾಗುತ್ತೆ. ತಾನಾಗಿ ಆರಲಿ.

ಹೇಮಾವತಿ_ದಡ (ಸಂಜೆ 5:30)
ಸರ್, ಈಗಷ್ಟೇ ದುದ್ದದ ತನಕ ಹೋಗಿ ಬಂದೆ, ಬರೇ ಇದಕ್ಕೋಸ್ಕರ. ಬೆಳಿಗ್ಗೆ ಗಾಡಿ ತುಂಬಾ ಹಗುರ, ಮನೆ ಮುಂದಿನ ಸಣ್ಣ ಇಳಿಜಾರಿನಲ್ಲಿ ತಾನಾಗೇ ಉರುಳುತ್ತೆ. ವಾಪಸ್ ಬಂದ ಮೇಲೆ ಅದೇ ಜಾಗದಲ್ಲಿ ನ್ಯೂಟ್ರಲ್ ಮಾಡಿದ್ರೆ ಉರುಳಲ್ಲ. ನಾನೇ ದಂಗಾದೆ. ಎಡಕ್ಕೆ ಸ್ವಲ್ಪ ಎಳೆಯುತ್ತೆ, ಅಲೈನ್‌ಮೆಂಟ್ ಇರಬೇಕು ಅಂತ ಬಿಟ್ಟಿದ್ದೆ. ಮೈಲೇಜು 17 ಬರ್ತಿದ್ದದ್ದು 14 ಆಗಿದೆ. ಮುಂದಿನ ಎಡ ಚಕ್ರದ ಹತ್ತಿರ ಅಂಗೈ ಹಿಡಿಯೋಕೇ ಆಗ್ಲಿಲ್ಲ, ಅಷ್ಟು ಕಾವು. ಬಲಗಡೆದು ಮಾಮೂಲಿ. ಹಿಂದಿನವು ಎರಡೂ ತಣ್ಣಗೆ. ಅರ್ಧ ಗಂಟೆ ಬಿಟ್ಟು ನೋಡಿದೆ, ಮತ್ತೆ ಉರುಳ್ತು.

ಟ್ಯಾಕ್ಸಿ_ಅಣ್ಣ (5:36)
ಬ್ರೇಕ್ ಜಾಮ್! ಮೊದಲೇ ಹೇಳಿದ್ದೆ.

ಅಡಿಕೆ_ತೋಟ (5:50)
ಕ್ಯಾಲಿಪರ್ (ಪ್ಯಾಡಿನಿಂದ ಡಿಸ್ಕನ್ನ ಅದುಮೋ ಹಿಡಿ) ಜಾರೋ ಪಿನ್ ಹಿಡ್ಕೊಂಡಿದೆ, ಅಷ್ಟೇ. ಮಲೆನಾಡಿನ ಮಳೆಗೆ ನಮ್ಮ ಕಡೆ ಎಲ್ಲಾ ಗಾಡಿಗೂ ಇದೇ ರೋಗ. ಪಿನ್ ತೆಗೆದು ಗ್ರೀಸ್ ಹಾಕಿಸಿ, ಮುಗೀತು.

ದಾವಣಗೆರೆ_ಸ್ಪ್ಯಾನರ್ (6:20)
ತೋಟದವರೇ, ಸ್ವಲ್ಪ ತಾಳಿ. ಪಿನ್ ಹಿಡಿದಿದ್ರೆ ಸಾಮಾನ್ಯವಾಗಿ ಬೆಳಿಗ್ಗೆನೂ ಹಿಡಿದಿರುತ್ತೆ, ಒಂದು ಪ್ಯಾಡು ತೆಳ್ಳಗೆ ಇನ್ನೊಂದು ದಪ್ಪಗೆ ಸವೆದಿರುತ್ತೆ. ಇದು ಬೆಳಿಗ್ಗೆ ಸರಿ, ಓಡಿದ ಮೇಲೆ ಹಿಡಿಯುತ್ತೆ, ಅರ್ಧ ಗಂಟೆ ನಿಂತ್ರೆ ಬಿಡುತ್ತೆ. ನನಗೆ ಅನುಮಾನ ಬ್ರೇಕಿನ ರಬ್ಬರ್ ಹೋಸ್ ಪೈಪಿನ ಮೇಲೆ. ಹೊರಗೆ ಚೆನ್ನಾಗೇ ಕಾಣುತ್ತೆ. ಒಳಪದರ ಊದಿಕೊಂಡು ದಾರಿ ಮುಚ್ಚಿರುತ್ತೆ. ನೀವು ಪೆಡಲ್ ಒತ್ತುವಾಗ ಜೋರು ಇರೋದ್ರಿಂದ ಆಯಿಲ್ಲು ನುಗ್ಗಿ ಹೋಗುತ್ತೆ. ಬಿಟ್ಟಾಗ ವಾಪಸ್ ಬರೋಕೆ ಆ ಜೋರು ಇರಲ್ಲ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಪ್ಯಾಡು ಡಿಸ್ಕನ್ನ ಹಿಡಿದೇ ಇರುತ್ತೆ. ನಿಧಾನವಾಗಿ ಒಸರಿ ಬಂದ ಮೇಲೆ ಬಿಡುತ್ತೆ.

ಅಡಿಕೆ_ತೋಟ (6:31)
ಹೋಸ್ ಪೈಪ್ ಹಾಗಾಗೋದು ನಾನು ಕಂಡಿಲ್ಲ. ಪ್ಯಾಡನ್ನ ಒತ್ತೋ ಪಿಸ್ಟನ್‌ಗೆ ತುಕ್ಕು ಹಿಡಿದ್ರೂ ಬಿಸಿಗೆ ಹಿಗ್ಗಿ ಹಿಡಿಯುತ್ತಲ್ಲ? ಸುಮ್ನೆ ಮೇಡಂಗೆ ಇನ್ನೊಂದು ಸಾಮಾನು ಬದಲಿಸೋ ಖರ್ಚು ಹಚ್ಚಬೇಡಿ. ಈಗಾಗ್ಲೇ ಒಂದು ಸಲ ಹಾಗಾಗಿದೆ.

ದಾವಣಗೆರೆ_ಸ್ಪ್ಯಾನರ್ (6:48)
ಅದು ನ್ಯಾಯವಾದ ಮಾತು. ಅದಕ್ಕೇ ಬದಲಿಸೋ ಮೊದಲು ಪರೀಕ್ಷೆ ಮಾಡ್ಬೇಕು. ಗಾಡಿ ಓಡಿಸಿ, ಬ್ರೇಕ್ ಹಿಡಿದಿರುವಾಗಲೇ ಗ್ಯಾರೇಜಿಗೆ ತಗೊಂಡು ಹೋಗಿ ಮುಂದೆ ಜಾಕ್ ಕೊಟ್ಟು ಎತ್ತಿಸಿ. ಚಕ್ರ ಕೈಯಲ್ಲಿ ತಿರುಗಲ್ಲ. ಆಗ ಕ್ಯಾಲಿಪರಿನ ಏರ್ ತೆಗೆಯೋ ನಿಪ್ಪಲ್ಲಿಗೆ ಸಣ್ಣ ಪೈಪ್ ಹಾಕಿ, ಇನ್ನೊಂದು ತುದಿ ಬಾಟ್ಲಿಗೆ ಬಿಟ್ಟು, ಕಾಲು ಸುತ್ತು ಸಡಿಲ ಮಾಡಿಸಿ. ಆಯಿಲ್ಲು ಚಿಮ್ಮಿ ಚಕ್ರ ಸಡಿಲ ಆಯ್ತು ಅಂದ್ರೆ ಒತ್ತಡ ಸಿಕ್ಕಿಹಾಕಿಕೊಂಡಿತ್ತು ಅಂತ ಅರ್ಥ. ಪೆಡಲ್ ಒತ್ತಿದಾಗ ಆಯಿಲ್ಲು ತಳ್ಳೋ ಮೇಲಿನ ಮಾಸ್ಟರ್ ಸಿಲಿಂಡರ್ ತಪ್ಪಾಗಿದ್ರೆ ಒಂದೇ ಚಕ್ರ ಬಿಸಿಯಾಗ್ತಿರ್ಲಿಲ್ಲ, ಹಾಗಾಗಿ ಹೋಸೇ. ನಿಪ್ಪಲ್ ಬಿಟ್ರೂ ಚಕ್ರ ಬಿಗಿಯಾಗೇ ಇದ್ರೆ ತೋಟದವರು ಹೇಳಿದ ಪಿನ್ನು ಇಲ್ಲಾ ಪಿಸ್ಟನ್ನು. ಐದು ನಿಮಿಷದ ಕೆಲಸ, ಸಾಮಾನಿನ ಖರ್ಚಿಲ್ಲ. ಮೇಡಂ, ನೀವೇ ಮಾಡಬೇಡಿ, ಗಾಳಿ ಸೇರಿಕೊಂಡ್ರೆ ಬ್ರೇಕೇ ಇರಲ್ಲ. ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ.

ಅಡಿಕೆ_ತೋಟ (6:52)
ಇದು ಸರಿ. ಹೀಗೆ ಮಾಡಿ ಮೇಡಂ.

ಟ್ಯಾಕ್ಸಿ_ಅಣ್ಣ (7:10)
ಸರಿ ಮಾಡಿಸೋ ತನಕ ಘಟ್ಟಕ್ಕೆ ಮಾತ್ರ ಇಳಿಸಬೇಡಿ ಅಕ್ಕ. ಡಿಸ್ಕ್ ಅಷ್ಟು ಕಾದ್ರೆ ಬ್ರೇಕ್ ಆಯಿಲ್ಲು ಕುದ್ದು ಗುಳ್ಳೆ ಬರುತ್ತೆ. ಗುಳ್ಳೆ ಬಂದ ಮೇಲೆ ಪೆಡಲ್ ನೆಲಕ್ಕೆ ಹೋಗುತ್ತೆ, ಬ್ರೇಕ್ ಹಿಡಿಯಲ್ಲ. ನನಗೆ ಚಾರ್ಮಾಡಿಯಲ್ಲಿ ಒಂದು ಸಲ ಹಾಗಾಗಿದೆ. ಗೇರಿನಲ್ಲೇ ತಡೆದು, ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಕಡೆ ಒರಗಿಸಿ ನಿಲ್ಲಿಸಿದೆ. ಹಿಂದೆ ಆರು ಜನ ಇದ್ರು. ಅವತ್ತಿಂದ ಎರಡು ವರ್ಷಕ್ಕೊಂದು ಸಲ ಬ್ರೇಕ್ ಆಯಿಲ್ಲು ತಪ್ಪದೆ ಬದಲಿಸ್ತೀನಿ.

ಮಸ್ಕತ್_ಕನ್ನಡಿಗ (7:40)
ಅಣ್ಣ ಹೇಳಿದ್ದಕ್ಕೆ ಲೆಕ್ಕ ಕೊಡ್ತೀನಿ. ಡಾಟ್ ಅನ್ನೋದು ಬ್ರೇಕ್ ಆಯಿಲ್ಲಿನ ದರ್ಜೆ. ಡಾಟ್ 4 ಆಯಿಲ್ಲು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಅನ್ನೋದು ನಿಯಮ. ಅದು ಗಾಳಿಯಿಂದ ನೀರಿನ ಅಂಶ ಹೀರುತ್ತೆ. ಹೀರಿಕೊಂಡ ಮೇಲಿನ ಲೆಕ್ಕ 155 ಡಿಗ್ರಿ. ಡಾಟ್ 3 ಆದ್ರೆ 205 ಮತ್ತು 140. ನಮ್ಮ ಕರಾವಳಿ, ಮಲೆನಾಡಿನ ತೇವದ ಗಾಳಿಗೆ ಎರಡು ವರ್ಷ ಅನ್ನೋದು ಸರಿಯಾದ ಅವಧಿ.

ರಿಂಗ್‌ರೋಡ್_ಪ್ರಯಾಣಿಕ (8:05)
ಒಂದು ಪ್ರಶ್ನೆ. ಘಟ್ಟ ಇಳಿಯುವಾಗ ಯಾವ ಗೇರಲ್ಲಿ ಇಳೀಬೇಕು? ನಮ್ಮಪ್ಪ ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡ್ತಾರೆ.

ಟ್ಯಾಕ್ಸಿ_ಅಣ್ಣ (8:12)
ಹತ್ತೋಕೆ ಯಾವ ಗೇರು ಬೇಕೋ ಇಳಿಯೋಕೂ ಅದೇ ಗೇರು, ಹಳೇ ಲಾರಿ ಡ್ರೈವರುಗಳು ನನಗೆ ಕಲಿಸಿದ್ದು. ಆಗುಂಬೆ ತಿರುವಿನಲ್ಲಿ ಎರಡು, ಕೆಲವು ಕಡೆ ಒಂದು. ಬ್ರೇಕ್ ಒತ್ತಿಕೊಂಡೇ ಇರಬೇಡಿ. ಒತ್ತಿ, ನಿಧಾನ ಮಾಡಿ, ಬಿಡಿ. ಬಿಟ್ಟಾಗ ಆರುತ್ತೆ. ಪೆಟ್ರೋಲ್ ಮಾತಿಗೆ ಬಂದ್ರೆ, ಈಗಿನ ಇಂಜಿನ್‌ಗಳು ಗೇರಿನಲ್ಲಿ ಕಾಲು ಬಿಟ್ಟು ಇಳಿಯುವಾಗ ಪೆಟ್ರೋಲ್ ಬಿಡೋದನ್ನೇ ನಿಲ್ಲಿಸ್ತವೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆಡ್ತಾ ಇರೋಕೆ ಪೆಟ್ರೋಲ್ ಬೇಕು. ಅಪ್ಪನಿಗೆ ಮೆಲ್ಲಗೆ ತಿಳಿಸಿ.

ಹೇಮಾವತಿ_ದಡ (ಸೋಮವಾರ ಸಂಜೆ 7:20)
ಎಲ್ಲರಿಗೂ ಕೈ ಮುಗಿದು ಧನ್ಯವಾದ. ಬೇರೆ ಗ್ಯಾರೇಜಿಗೆ ಹೋದೆ, ಸ್ಪ್ಯಾನರ್ ಸರ್ ಬರೆದಿದ್ದನ್ನ ಫೋನಿನಲ್ಲೇ ತೋರಿಸಿದೆ. ವಯಸ್ಸಾದ ಮೇಸ್ತ್ರಿ. ಕನ್ನಡಕ ಹಾಕ್ಕೊಂಡು ಪೂರ್ತಿ ಓದಿ "ಸರಿಯಾಗೇ ಹೇಳವ್ರೆ ಕಣವ್ವ" ಅಂದ್ರು. ಜಾಕ್ ಕೊಟ್ಟು ಎತ್ತಿದಾಗ ಇಬ್ಬರು ಸೇರಿ ತಿರುಗಿಸಿದ್ರೂ ಎಡ ಚಕ್ರ ಅಲ್ಲಾಡ್ಲಿಲ್ಲ. ನಿಪ್ಪಲ್ ಸಡಿಲ ಮಾಡಿದ ತಕ್ಷಣ ಕಪ್ಪಗಿನ ಆಯಿಲ್ಲು ಚಿರ್ ಅಂತ ಚಿಮ್ತು. ಚಕ್ರ ನನ್ನ ಮಗನ ಕೈಗೂ ತಿರುಗ್ತು.

ಹೋಸ್ ಬಿಚ್ಚಿ ಕತ್ತರಿಸಿ ತೋರಿಸಿದ್ರು. ಹೊರಗೆ ಒಂದು ಗೀರೂ ಇಲ್ಲ, ಒಳಗೆ ಸೂಜಿ ಹೋಗೋಷ್ಟೇ ದಾರಿ. ತೋಟದವರು ಹೇಳಿದ್ದೂ ಪೂರ್ತಿ ಸುಳ್ಳಲ್ಲ, ಕೆಳಗಿನ ಪಿನ್ ಒಣಗಿ ಬಿಗಿಯಾಗಿತ್ತು. ಎರಡೂ ಕಡೆ ಹೊಸ ಹೋಸ್, ಎರಡೂ ಕಡೆ ಪ್ಯಾಡ್, ಪಿನ್ ಬೂಟ್ (ಪಿನ್ನಿನ ರಬ್ಬರ್ ಕವಚ), ಆಯಿಲ್ಲು ಪೂರ್ತಿ ತೆಗೆದು ಹೊಸ ಡಾಟ್ 4. ಡಿಸ್ಕು ಕಾದು ನೀಲಿ ಬಣ್ಣಕ್ಕೆ ತಿರುಗಿತ್ತು, ಆದ್ರೆ ಅಳತೆ ಮಾಡಿ ಸೊಟ್ಟಗಿಲ್ಲ, ದಪ್ಪ ಸಾಕು, ಸದ್ಯ ಓಡುತ್ತೆ ಅಂದ್ರು. ಒಟ್ಟು 4,350. ಹಳೇ ಸಾಮಾನೆಲ್ಲಾ ಕೇಳದೇನೇ ಚೀಲಕ್ಕೆ ಹಾಕಿ ಕೊಟ್ರು.

ನನಗೆ ದುಡ್ಡಿಗಿಂತ ನೋವಾಗಿದ್ದು ಇನ್ನೊಂದು. ಎಡಗಡೆ ಮುಂದಿನ ಚಕ್ರದ ಹತ್ತಿರ ವಾಸನೆ ಅಂತ ನಾನು ಮೊದಲ ಗ್ಯಾರೇಜಿನಲ್ಲಿ ಮೂರು ಸಲ ಹೇಳಿದ್ದೆ. ಹೆಂಗಸು ಓಡಿಸ್ತಾಳೆ, ಹಾಗಾದ್ರೆ ಕ್ಲಚ್ಚೇ ಅಂತ ತೀರ್ಮಾನ ಮಾಡಿಬಿಟ್ರು. ಆ ಬ್ರೇಕಿನಲ್ಲೇ ಅಮ್ಮನ್ನೂ ಮಗನ್ನೂ ಕೂರಿಸಿಕೊಂಡು ಧರ್ಮಸ್ಥಳದಿಂದ ವಾಪಸ್ ಬಂದಿದ್ದೀನಿ ಅಂತ ನೆನೆಸಿಕೊಂಡ್ರೆ ಈಗಲೂ ಮೈ ನಡುಗುತ್ತೆ.

ಶಿವಮೊಗ್ಗ_ಸ್ಕೂಟಿ (7:41)
ಅಕ್ಕ, ಆ ಕೊನೆ ಮಾತು ಓದಿ ಕಣ್ಣು ತುಂಬ್ತು. ನನಗೂ ಇದೇ ಅನುಭವ. ಸದ್ದು ಎಲ್ಲಿಂದ ಬರ್ತಿದೆ ಅಂತ ಹೇಳಿದ್ರೆ "ಮನೇಲಿ ಸಾರ್ ಇದ್ರೆ ಕಳಿಸಿ" ಅಂದಿದ್ರು. ಗಾಡಿ ಓಡಿಸೋದು ನಾನು. ಅವರಿಗೆ ಅದರ ಸದ್ದೂ ಗೊತ್ತಿಲ್ಲ, ವಾಸನೆನೂ ಗೊತ್ತಿಲ್ಲ.

ದಾವಣಗೆರೆ_ಸ್ಪ್ಯಾನರ್ (8:00)
ನಮ್ಮ ಕಸುಬಿನವರ ಪರವಾಗಿ ಕ್ಷಮೆ ಕೇಳ್ತೀನಿ ಮೇಡಂ. ಒಂದೇ ಮಾತು, ಪಿನ್ನಿಗೆ ಯಾವ ಗ್ರೀಸ್ ಹಾಕಿದ್ರು ಕೇಳಿದ್ರಾ? ಬ್ರೇಕಿಗೆ ಅಂತಲೇ ಬರೋ ಸಿಲಿಕಾನ್ ಗ್ರೀಸ್ ಆಗಬೇಕು. ಬೇರಿಂಗಿಗೆ ಹಾಕೋ ಮಾಮೂಲಿ ಗ್ರೀಸ್ ಆದ್ರೆ ರಬ್ಬರ್ ಬೂಟ್ ಊದಿ ಮತ್ತೆ ಹಿಡಿಯುತ್ತೆ.

ಹೇಮಾವತಿ_ದಡ (8:09)
ಸಣ್ಣ ಟ್ಯೂಬಿನಿಂದ ಹಾಕಿದ್ರು ಸರ್, ಬಿಲ್ಲಿನಲ್ಲಿ ಸಿಲಿಕಾನ್ ಗ್ರೀಸ್ ಅಂತ ಬರೆದಿದೆ.

ದಾವಣಗೆರೆ_ಸ್ಪ್ಯಾನರ್ (8:11)
ಸಾಕು. ಮೊದಲ 200 ಕಿ.ಮೀ. ಹೊಸ ಪ್ಯಾಡು ಕೂರೋ ತನಕ ಸ್ವಲ್ಪ ವಾಸನೆ ಬರಬಹುದು, ಹೆದರಬೇಡಿ. ಒಂದೇ ಕಡೆ ಕಾವು ಜಾಸ್ತಿ ಅನ್ನಿಸಿದ್ರೆ ಮಾತ್ರ ನಿಲ್ಲಿಸಿ ನೋಡಿ.

ಮಂಡ್ಯ_ರಾಗಿ (8:30)
ಇದನ್ನ ಮುಂದೆ ಓದೋರಿಗೆ ಒಂದು ವಿಷ್ಯ. ವಾಸನೆ ಜೊತೆ ಬಾನೆಟ್ಟಿಂದ ಹೊಗೆನೂ ಬಂತು ಅಂದ್ರೆ ಗಾಡಿ ಪಕ್ಕಕ್ಕೆ ಹಾಕಿ, ಕೀ ಆಫ್ ಮಾಡಿ, ಮೊದಲು ಎಲ್ಲರನ್ನೂ ಇಳಿಸಿ ದೂರ ಕಳ್ಸಿ. ಬಾನೆಟ್ ಪೂರ್ತಿ ಎತ್ತಬೇಡಿ, ಒಮ್ಮೆಲೇ ಗಾಳಿ ನುಗ್ಗಿದ್ರೆ ಬೆಂಕಿ ಭುಗಿಲೇಳುತ್ತೆ. ಸಾಮಾನು ತೆಗೆಯೋಕೆ ವಾಪಸ್ ಹೋಗ್ಬೇಡಿ.

ಹುಬ್ಳಿ_ಮಂದಿ (ಮಂಗಳವಾರ ಬೆಳಿಗ್ಗೆ 7:05)
ಇದನ್ನೆಲ್ಲಾ ಓದಿ ನಿನ್ನಿ ರಾತ್ರಿ ನಾನೂ ನಾಕೂ ಗಾಲಿಗಿ ಕೈ ಹಿಡದು ನೋಡಿದ್ನಿರೀ. ಹಿಂದಿಂದು ಬಲಗಡಿ ಗಾಲಿ ಉಳದವಕ್ಕಿಂತ ಭಾಳ ಕಾಯ್ದೈತಿ. ಅಲ್ಲಿ ಡ್ರಮ್ ಬ್ರೇಕ್ ಐತಿ, ಡಿಸ್ಕ್ ಅಲ್ಲ. ಸ್ಪ್ಯಾನರ್ ಸಾಹೇಬ್ರ, ಅದೂ ಹೋಸ್ ಇರಬಹುದೇನ್ರಿ?

ದಾವಣಗೆರೆ_ಸ್ಪ್ಯಾನರ್ (7:22)
ಹಿಂದಿನ ಡ್ರಮ್ ಆದ್ರೆ ಮೊದಲು ಹ್ಯಾಂಡ್‌ಬ್ರೇಕ್ ಕೇಬಲ್ ನೋಡ್ಸಿ. ತುಕ್ಕು ಹಿಡಿದು ಪೂರ್ತಿ ವಾಪಸ್ ಬರ್ತಿರಲ್ಲ. ಸಮತಟ್ಟಾದ ಕಡೆ ಗಾಡಿ ಗೇರಿನಲ್ಲಿಟ್ಟು, ಮುಂದಿನ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದೆ ಜಾಕ್ ಎತ್ತಿ ಚಕ್ರ ತಿರುಗಿಸಿ ನೋಡಿ. ಬಿಗಿ ಇದ್ರೆ ಇವತ್ತೇ ತೋರಿಸಿ. ಏನಾಯ್ತು ಅಂತ ಇಲ್ಲೇ ಬರೀರಿ.